ಬನವನ್ನು ಬನವೆಂದೇ ಬರೆಯಿರಿ

ಕಾಡಿನ ಹೆಸರುಗಳನ್ನು ಉಳಿಸಿಕೊಳ್ಳಲು ಹೊರಟವರ ಪ್ರಣಾಳಿಕೆ

ಹನ್ನೊಂದು ಗುಂಟೆ

ಸೊರಬದ ಕಡೆಯ ನಮ್ಮ ಗದ್ದೆಯ ತಲೆಯಲ್ಲಿ ಹನ್ನೊಂದು ಗುಂಟೆಯ ಒಂದು ಚೌಡಿಬನವಿದೆ. ಒಳಗೆ ಹೋಗುವವರು ಬನದ ಬಾಯಲ್ಲೇ ಚಪ್ಪಲಿ ಬಿಡಬೇಕು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಿಸಿಲು ಹಿಂದೆ ಉಳಿಯುತ್ತದೆ, ಕಾಲಡಿಯ ದರಕು ಮೆತ್ತಗೆ ಕುಸಿಯುತ್ತದೆ. ಎರಡು ಹಳೆಯ ಬಗನಿ ಮರ, ಅವಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಯಾರೂ ನೆಡದ ಒಂದು ಹಲಸು, ಒಂದು ವಾಟೆ, ನಡುವೆ ಕುಂಕುಮ ಬಳಿದ ಕಲ್ಲು. ಕಲ್ಲಿನ ಹಿಂದೆ ಒರತೆ. ಊರ ಬಾವಿಗಳ ತಳ ಕಾಣುವ ಮಾರ್ಚ್ ತಿಂಗಳಲ್ಲೂ ಅಲ್ಲಿ ಬೊಗಸೆ ತುಂಬುವಷ್ಟು ನೀರಿರುತ್ತದೆ. ಬನದಲ್ಲಿ ಮುರಿದುಬಿದ್ದ ಕೊಂಬೆಯನ್ನೂ ಅಜ್ಜಿ ಒಲೆಗೆ ತರಗೊಡುತ್ತಿರಲಿಲ್ಲ. "ಅದು ಚೌಡಮ್ಮಂದು, ಅಲ್ಲೇ ಮಣ್ಣಾಗ್ಲಿ" ಎನ್ನುತ್ತಿದ್ದಳು.

ಕಳೆದ ವರ್ಷ ಆ ಜಮೀನಿನ ಪಹಣಿ ತೆಗೆಸಿದೆ. ಗದ್ದೆಗೆ ಗದ್ದೆಯ ಲೆಕ್ಕ ಸರಿಯಾಗಿತ್ತು. ಬನದ ಲೆಕ್ಕ ಒಂದೇ ಪದದಲ್ಲಿತ್ತು: ಖರಾಬು, ಹನ್ನೊಂದು ಗುಂಟೆ. "ಇದು ಬನ ಅಲ್ವಾ?" ಎಂದು ಕೇಳಿದೆ. ಕಂಪ್ಯೂಟರಿನ ಮುಂದಿದ್ದವರು ತಾಳ್ಮೆಯಿಂದಲೇ ಉತ್ತರಿಸಿದರು: "ಬನಕ್ಕೆ ಕಾಲಂ ಇಲ್ಲ ಮಾರಾಯ್ರೇ. ಬೆಳೆ ಇಲ್ಲದ್ದೆಲ್ಲ ಖರಾಬೇ."

ಖರಾಬು ಎಂದರೆ ಕೆಟ್ಟುಹೋದದ್ದು. ಊರಿಗೆ ನೀರು ಕೊಡುವ ಜಾಗಕ್ಕೆ, ತಲೆಮಾರುಗಳಿಂದ ಕೊಡಲಿ ಬೀಳದ ಜಾಗಕ್ಕೆ, ನಮ್ಮ ಸ್ವಂತ ದಾಖಲೆಯಲ್ಲಿ ನಾವೇ ಇಟ್ಟುಕೊಂಡಿರುವ ಹೆಸರು ಅದು. ಆ ಕಾಗದವನ್ನು ಹಿಡಿದು ಹೊರಬಂದ ದಿನವೇ ಈ ಪ್ರಣಾಳಿಕೆಯ ಮೊದಲ ಸಾಲು ಹುಟ್ಟಿತು: ಬನವನ್ನು ಬನವೆಂದೇ ಬರೆಯಿರಿ.

ನಾವು ಯಾರು

ನಾವು ತೋಟ ಮಾಡುವವರು, ಕುರಿ ಕಾಯುವವರು, ಶಾಲೆಯಲ್ಲಿ ಪಾಠ ಹೇಳುವವರು, ಹಾಡಿಯಲ್ಲಿ ಹುಟ್ಟಿದವರು, ಊರು ಬಿಟ್ಟು ನಗರ ಸೇರಿದರೂ ಊರಿನ ಕಾನಿನ ಹೆಸರು ಮರೆಯದವರು. ನಮ್ಮನ್ನು ಸೇರಿಸಿದ್ದು ಒಂದೇ ಸಂಕಟ. ಕಾಡು ಕಡಿದುಹೋಗುವ ಮೊದಲು ಅದರ ಹೆಸರು ಕಡಿದುಹೋಗುತ್ತದೆ. ಹೆಸರು ಹೋದ ನೆಲಕ್ಕೆ ಕೇಳುವವರಿರುವುದಿಲ್ಲ. ಈ ಚಳವಳಿಗೆ ಹೆಸರು, ಪದಾಧಿಕಾರಿಗಳ ಪಟ್ಟಿ ಎಲ್ಲ ಆಮೇಲಾಗಲಿ. ಮೊದಲು ಹೆಸರು ಮರಳಬೇಕಾದದ್ದು ನೆಲಕ್ಕೆ.

ಮೃಗಗಳ ಜಾಗ ಎಂಬ ಪದ

ಇವತ್ತು ಕಾಡಿನ ಬಗ್ಗೆ ಜಗತ್ತು ಮಾತಾಡುವಾಗ ಇಂಗ್ಲಿಷಿನ ಒಂದು ಪದ ಮುಂದೆ ಬಂದು ಕೂರುತ್ತದೆ: ವಿಲ್ಡರ್‌ನೆಸ್. ನಮ್ಮ ಅಭಯಾರಣ್ಯಗಳ ಕಲ್ಪನೆಯ ಹಿಂದೆ, ಸಫಾರಿಯ ಜಾಹೀರಾತಿನ ಹಿಂದೆ ಅದೇ ಇದೆ. ಅದನ್ನು ಬಿಡಿಸಿ ನೋಡಬೇಕು.

ಹಳೆಯ ಇಂಗ್ಲಿಷಿನಲ್ಲಿ 'ವಿಲ್ಡೆ' ಎಂದರೆ ಪಳಗದ್ದು, 'ಡಿಯೋರ್' ಎಂದರೆ ಪ್ರಾಣಿ. ಈಗ ಜಿಂಕೆಗೆ ಮಾತ್ರ ಉಳಿದಿರುವ 'ಡಿಯರ್' ಆಗ ಎಲ್ಲ ಮೃಗಗಳಿಗೂ ಸಲ್ಲುತ್ತಿತ್ತು. ಎರಡೂ ಸೇರಿ, ಪಳಗದ ಮೃಗಗಳ ಜಾಗ ಎಂಬ ಅರ್ಥ ಹುಟ್ಟಿತು. ಮನುಷ್ಯನ ಕೈ ಮುಗಿದು ಮೃಗದ ರಾಜ್ಯ ಶುರುವಾಗುವ ಗಡಿ ಆ ಪದದ ಹೊಟ್ಟೆಯಲ್ಲೇ ಇದೆ. 14ನೇ ಶತಮಾನದ ಕೊನೆಯಲ್ಲಿ ಬೈಬಲ್ಲನ್ನು ಇಂಗ್ಲಿಷಿಗೆ ತಂದವರು ಮರಗಳೇ ಇಲ್ಲದ ಪಶ್ಚಿಮ ಏಷ್ಯಾದ ಮರುಭೂಮಿಗೂ ಇದೇ ಪದವನ್ನು ಹಚ್ಚಿದರು. ಹೀಬ್ರೂವಿನಲ್ಲಿ ಅಲ್ಲಿದ್ದ ಪದ 'ಮಿದ್ಬಾರ್'. ಮಂದೆಯನ್ನು ಮೇಯಲು ಅಟ್ಟಿಕೊಂಡು ಹೋಗುವ ಬಯಲು ಎಂಬ ಭಾವ ಅದರಲ್ಲಿದೆ. ಕುರುಬನಿದ್ದ ಬಯಲು ಇಂಗ್ಲಿಷಿಗೆ ಬರುವಷ್ಟರಲ್ಲಿ ಮೃಗಗಳ ಬೀಡಾಯಿತು.

ಆ ಮರುಭೂಮಿಯ ಅಲೆದಾಟವನ್ನು ಹೇಳುವ ಪುಸ್ತಕವನ್ನು ಕನ್ನಡದ ಬೈಬಲ್ಲು 'ಅರಣ್ಯಕಾಂಡ' ಎಂದು ಕರೆದಿದೆ. ರಾಮಾಯಣದಲ್ಲೂ ಅರಣ್ಯಕಾಂಡವಿದೆ. ಸೀನಾಯಿಯ ಮರಳು, ದಂಡಕದ ಮರ, ಎರಡಕ್ಕೂ ಕನ್ನಡದಲ್ಲಿ ಒಂದೇ ಶೀರ್ಷಿಕೆ. ಕಾಡು ಎಂದರೆ ಮರ ಮಾತ್ರ ಎಂಬ ಹಟ ನಮ್ಮ ಭಾಷೆಗೆ ಇರಲಿಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಅಮೆರಿಕದಲ್ಲಿ ಆ ಪದದ ಬಣ್ಣ ಬದಲಾಯಿತು. ಭಯದ ಜಾಗ ಆರಾಧನೆಯ ಜಾಗವಾಯಿತು. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಆ ನೆಲದಲ್ಲಿ ಮೊದಲಿನಿಂದ ಬಾಳಿದ ಮೂಲನಿವಾಸಿಗಳಿಗೆ ಆರಾಧನೆಯ ಒಳಗೆ ಜಾಗ ಸಿಗಲಿಲ್ಲ. ಲಕೋಟಾ ಜನಾಂಗದ ಲೂಥರ್ ಸ್ಟ್ಯಾಂಡಿಂಗ್ ಬೇರ್ 1933ರಲ್ಲಿ ಇದನ್ನೇ ಬರೆದು ತೋರಿಸಿದ: ಹೊರಗಿನಿಂದ ಬಂದವರ ಕಣ್ಣಿಗಷ್ಟೇ ಅದು ಘೋರ ಕಾಡು, ತನ್ನವರಿಗೆ ಅದು ಮನೆಯಂಗಳ. 1989ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರು, ಈ ಕಲ್ಪನೆಯನ್ನು ಭಾರತದಂಥ ದೇಶಕ್ಕೆ ತಂದು ನೆಟ್ಟರೆ ಬಡವರು ನೆಲೆ ಕಳೆದುಕೊಳ್ಳುತ್ತಾರೆ ಎಂದು ಎಚ್ಚರಿಸಿದರು. ಆ ಎಚ್ಚರಿಕೆಯನ್ನು ಕನ್ನಡದ ಪದಗಳ ಮೂಲಕ ಮುಂದುವರಿಸುವುದು ನಮ್ಮ ಕೆಲಸ.

ನಮ್ಮ ಪದಗಳೂ ಸುಮ್ಮನೆ ಬಂದವಲ್ಲ

ತಪ್ಪೆಲ್ಲ ಇಂಗ್ಲಿಷಿನದು ಎನ್ನಲು ನಾವು ಹೊರಟಿಲ್ಲ. 'ಅರಣ್ಯ'ದ ಬೇರಿನಲ್ಲಿರುವ 'ಅರಣ' ಎಂದರೆ ದೂರದ್ದು, ಪರಕೀಯವಾದದ್ದು. ಗ್ರಾಮ ಒಂದು ಕಡೆ, ಅರಣ್ಯ ಇನ್ನೊಂದು ಕಡೆ ಎಂಬ ಗೆರೆ ವೇದಕಾಲದಲ್ಲೇ ಎಳೆದಾಗಿತ್ತು. ಆದರೂ ಋಗ್ವೇದದ ಹತ್ತನೆಯ ಮಂಡಲದಲ್ಲಿ ಅರಣ್ಯಾನಿ ಎಂಬ ಕಾಡಿನ ದೇವತೆಗೆ ಒಂದು ಸೂಕ್ತವಿದೆ. ನೇಗಿಲು ಮುಟ್ಟದಿದ್ದರೂ ಹೊಟ್ಟೆ ತುಂಬಿಸುವವಳು ಎಂಬ ಭಾವದಲ್ಲಿ ಅದು ಅವಳನ್ನು ನೋಡುತ್ತದೆ. ಉಳದ ನೆಲ ಖರಾಬು ಎನ್ನುವ ನಮ್ಮ ಪಹಣಿಗೆ ಅಷ್ಟು ಹಿಂದೆಯೇ ಉತ್ತರ ಸಿಕ್ಕಿತ್ತು.

'ಜಂಗಲ್' ಎಂಬ ಪದದ ಗತಿ ಇನ್ನೂ ವಿಚಿತ್ರ. ಸಂಸ್ಕೃತದ 'ಜಾಂಗಲ' ಎಂದರೆ ಒಣ ನಾಡು: ವಿರಳ ಮರ, ಕುರುಚಲು, ಹುಲ್ಲು, ಬಿಸಿಲು. ಆಯುರ್ವೇದವು ನೀರು ನಿಲ್ಲುವ 'ಆನೂಪ'ದ ಎದುರಿಗೆ ಜಾಂಗಲವನ್ನಿಟ್ಟು, ಜಾಂಗಲವೇ ಆರೋಗ್ಯಕ್ಕೆ ಮೇಲು ಎಂದಿತು. ಕೃಷ್ಣಮೃಗ ತಾನಾಗಿ ತಿರುಗುವ ನಾಡೇ ಯಜ್ಞಕ್ಕೆ ಯೋಗ್ಯ ಎಂದು ಧರ್ಮಶಾಸ್ತ್ರಗಳು ಹೇಳಿದವು. ಕೃಷ್ಣಮೃಗ ತಿರುಗುವುದು ಬಯಲಿನಲ್ಲಿ. 18ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋದ ಆ ಪದ ದಟ್ಟ, ಒದ್ದೆ, ಕತ್ತಲ ಕಾಡು ಎಂಬ ತದ್ವಿರುದ್ಧ ಅರ್ಥ ಹೊತ್ತು ನಮ್ಮಲ್ಲಿಗೇ ಮರಳಿತು. ಅಲ್ಲಿಗೆ ನಮ್ಮ ಹುಲ್ಲುಬಯಲಿಗೆ ಇದ್ದ ಗೌರವದ ಹೆಸರೂ ಹೋಯಿತು.

ಇನ್ನು 'ಕಾಡು'. ಈ ಪುಟ್ಟ ಪದದ ಒಡಲು ದೊಡ್ಡದು. ಬೆಂಗಾಡು ಎಂದಾಗ ಅದು ಬಿಸಿಲಿಗೆ ಕಾದ ನೆಲ. ಸುಡುಗಾಡು ಎಂದಾಗ ನಮ್ಮ ಕೊನೆಯ ಮನೆ. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ" ಎಂದು ಮುಪ್ಪಿನವರು ನಿಟ್ಟುಸಿರಿಡುವಾಗ ಆ ಕಾಡಿನಲ್ಲಿ ಹುಲಿಯಿಲ್ಲ, ಹಿಂದೆ ಹೋದ ಹಿರಿಯರಿದ್ದಾರೆ. ಕನ್ನಡದ ಕಾಡು ಎಂದೂ ಮನುಷ್ಯರನ್ನು ಪೂರ್ತಿ ಹೊರಗಿಟ್ಟದ್ದಲ್ಲ.

1964ರ ಎರಡು ಕಾನೂನು

1964ರ ಸೆಪ್ಟೆಂಬರ್ 3ರಂದು ಅಮೆರಿಕದಲ್ಲಿ ವಿಲ್ಡರ್‌ನೆಸ್ ಕಾಯ್ದೆಗೆ ಸಹಿ ಬಿತ್ತು. ಅದರ ಕರಡನ್ನು ಬರೆದವರು ಹೊವಾರ್ಡ್ ಜಾನೈಸರ್. ಮನುಷ್ಯ ಬಂದು ಹೋಗುವ ಅತಿಥಿ ಮಾತ್ರ, ಅಲ್ಲಿ ನೆಲೆ ನಿಲ್ಲುವವನಲ್ಲ ಎಂಬುದು ಅದರ ವ್ಯಾಖ್ಯೆಯ ಸಾರ.

ಅದೇ 1964ರಲ್ಲಿ ನಮ್ಮ ರಾಜ್ಯದ ಭೂಕಂದಾಯ ಕಾಯ್ದೆಯೂ ಬಂತು. ಅದರ 79ನೆಯ ಕಲಮಿನಲ್ಲಿ ಕೆಲವು ಪದಗಳಿವೆ: ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೆ ಮೈಸೂರಿನ ಕಾನು, ಸೊಪ್ಪಿನಬೆಟ್ಟ, ಕೊಡಗಿನ ಜಮ್ಮಾ, ಬಾಣೆ. ಒಣಗಿದ ಕಾನೂನು ಭಾಷೆಯ ನಡುವೆ ನಾಲ್ಕು ಸೀಮೆಯ ಜನರ ಬಾಯಿಮಾತು ಹಾಗೇ ಕೂತಿದೆ. ಈ ಒಂದೊಂದು ಪದವೂ ಒಂದೊಂದು ಒಪ್ಪಂದ. ಸೊಪ್ಪಿನಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಕಾಡು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಬೆಟ್ಟ ಹಚ್ಚಿಕೊಟ್ಟದ್ದುಂಟು. ಕಾನು ಎಂದರೆ ದೇವರೂ ಮೆಣಸಿನ ಬಳ್ಳಿಯೂ ಒಟ್ಟಿಗೆ ಇರುವ ನಿತ್ಯಹಸುರಿನ ಕಾಡು. 1868ರ ಒಂದು ಅರಣ್ಯ ವರದಿ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಎಣಿಸಿತ್ತು. ಕುವೆಂಪು ಅವರ ಕಾನೂರು ಹೆಗ್ಗಡಿತಿಯ ಊರಿನ ಹೆಸರಿನಲ್ಲೂ ಆ ಕಾನು ಇದೆ.

ಒಂದು ಕಾನೂನು ಮನುಷ್ಯನನ್ನು ಅತಿಥಿ ಎಂದಿತು. ಇನ್ನೊಂದು ಕಾನೂನು, ತನಗೇ ಅರಿವಿಲ್ಲದೆ, ಮನುಷ್ಯ ಮತ್ತು ಕಾಡಿನ ನಂಟಿಗೆ ಇದ್ದ ಹೆಸರುಗಳನ್ನು ಬರೆದಿಟ್ಟಿತು. ನಮ್ಮ ಚಳವಳಿ ನಿಂತಿರುವುದು ಈ ಎರಡನೆಯದರ ಮೇಲೆ.

ಪದ ಹೋದ ದಾರಿಯಲ್ಲೇ ನೆಲವೂ ಹೋಗುತ್ತದೆ

"ಹೆಸರಿನಲ್ಲೇನಿದೆ, ಮರ ಉಳಿಸಿ ಸಾಕು" ಎನ್ನುವ ಗೆಳೆಯರಿದ್ದಾರೆ. ಅವರಿಗೆ ಮೂರು ನೆಲಗಳ ಕತೆ ಹೇಳುತ್ತೇವೆ.

ಮೊದಲನೆಯದು ಕಾವಲು. ಮೈಸೂರು ಅರಸರ ಕಾಲದ ಅಮೃತಮಹಲ್ ದನಗಳಿಗಾಗಿ ಬಯಲುಸೀಮೆಯ ಹುಲ್ಲುಗಾವಲುಗಳನ್ನು ಕಾಯ್ದಿಟ್ಟಿದ್ದರು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲು. ಕಾಯುವುದು ಎಂಬ ಕೆಲಸವೇ ಆ ನೆಲದ ಹೆಸರು. ಅದನ್ನು ಕಾಯುವವರಿಗೆ ಹುಲ್ಲಿನ ಜಾತಿ, ತೋಳದ ಜಾಡು, ಎರೆಭೂತ ಹಕ್ಕಿ ಮೊಟ್ಟೆಯಿಡುವ ಕಾಲ ಗೊತ್ತಿತ್ತು. ಆಮೇಲೆ ಯಾರೋ ದೂರದಲ್ಲಿ ಕೂತು ಅದನ್ನು ಖಾಲಿ ಜಾಗ ಎಂದರು. ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಕಾವಲು ಸಂಶೋಧನೆಗೆ, ರಕ್ಷಣಾ ಕೆಲಸಗಳಿಗೆ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ತುಂಬಿದ ನೆಲವನ್ನು ಖಾಲಿ ಎಂದು ಕರೆದು ತೆಗೆದುಕೊಂಡದ್ದಕ್ಕೆ ತಕರಾರಿದೆ.

ಎರಡನೆಯದು ಗೋಮಾಳ. 1980ರ ದಶಕದಲ್ಲಿ ದೇಶವೆಲ್ಲ ಬಂಜರು ಅಭಿವೃದ್ಧಿಯ ಮಾತಾಡುತ್ತಿತ್ತು. 1985ರಲ್ಲಿ ಅದಕ್ಕೊಂದು ರಾಷ್ಟ್ರೀಯ ಮಂಡಳಿಯೂ ಬಂತು. ಅದರ ಹಿಂದಿನ ವರ್ಷ ಕರ್ನಾಟಕದಲ್ಲಿ ಸರ್ಕಾರ ಮತ್ತು ಒಂದು ಖಾಸಗಿ ಕಂಪನಿ ಸೇರಿ, ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಜಮೀನಿನಲ್ಲಿ ನೀಲಗಿರಿ ಬೆಳೆಯಲು ಹೊರಟಿದ್ದವು. ಕಡತದಲ್ಲಿ ಅದು ಬಂಜರು. ಊರವರಿಗೆ ಅದು ದನ ಮೇಯುವ, ಸೌದೆ ಸಿಗುವ, ಹುಲ್ಲು ಕೊಯ್ಯುವ ಜಾಗ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೊ ಹಚ್ಚಿಕೊ' ಎಂಬ ಅಪ್ಪಟ ಊರಮಾತು ಒಂದು ಸತ್ಯಾಗ್ರಹದ ಹೆಸರಾಯಿತು. ಎಸ್.ಆರ್. ಹಿರೇಮಠ ಅವರ ಮುಂದಾಳ್ತನದ ಹೋರಾಟ ಕೋರ್ಟಿನವರೆಗೂ ಹೋಯಿತು, 1991ರಲ್ಲಿ ಆ ಕಂಪನಿ ಮುಚ್ಚಿತು. ಕುಸನೂರಿನ ಸತ್ಯಾಗ್ರಹಕ್ಕೂ ನಾಲ್ಕು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ತಬ್ಬಿಕೊಂಡು 'ಅಪ್ಪಿಕೊ' ಎಂದಿದ್ದರು. ಕನ್ನಡ ನಾಡಿನ ಈ ದೊಡ್ಡ ಕಾಡಿನ ಹೋರಾಟಗಳು ಎದ್ದು ನಿಂತದ್ದು ಮನೆಮಾತಿನ ಕ್ರಿಯಾಪದಗಳಲ್ಲಿ ಎಂಬುದನ್ನು ನಾವು ಮರೆಯುವುದಿಲ್ಲ.

ಮೂರನೆಯದು ಹಾಡಿ. ಕುಂದಾಪುರದ ಕಡೆ ಹಾಡಿ ಎಂದರೆ ಮನೆಯ ಹಿಂದಿನ ಕಾಡು. ಹೆಗ್ಗಡದೇವನಕೋಟೆಯಲ್ಲಿ, ನಾಗರಹೊಳೆಯಲ್ಲಿ ಹಾಡಿ ಎಂದರೆ ಜೇನುಕುರುಬರ ಊರು. ಕರಾವಳಿಯಲ್ಲಿ ಕಾಡಿಗೆ, ಕಬಿನಿಯ ದಡದಲ್ಲಿ ಊರಿಗೆ, ಒಂದೇ ಉಲಿ. ಈ ಒಂದು ಪದ ಗೊತ್ತಿದ್ದವರಿಗೆ ಕಾಡು ಬೇರೆ, ಮನೆ ಬೇರೆ ಎಂದು ಒಪ್ಪಿಸುವುದು ಕಷ್ಟ. ಆದರೂ ಒಪ್ಪಿಸಲಾಯಿತು. ರಾಷ್ಟ್ರೀಯ ಉದ್ಯಾನದ ಗಡಿ ಬಂದು ಹಾಡಿಗಳು ಖಾಲಿಯಾದವು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿಯ ಜಾಗಕ್ಕೆ ಹೆಜ್ಜೆ ಹಾಕಿ, ಇದು ನಮ್ಮ ನೆಲ ಎಂದವು. ಅವರ ಹಿರಿಯರ ಗೋರಿಗಳು, ದೇವರುಗಳು ಅಲ್ಲೇ ಇವೆ.

ಪದ ಹೋದರೆ ಜ್ಞಾನವೂ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ಮಾತಿದೆ. ಒಣಗಿದ ಎಲೆಯಷ್ಟೇ ಉರಿಯುವಂತೆ, ನೆಲಮಟ್ಟದಲ್ಲಿ, ಹೊತ್ತು ನೋಡಿ ಹಾಕುವ ಸಣ್ಣ ಬೆಂಕಿ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಕಡತದ ಭಾಷೆಯಲ್ಲಿ ಎಲ್ಲ ಬೆಂಕಿಗೂ ಕಾಳ್ಗಿಚ್ಚು ಎಂಬ ಒಂದೇ ಹೆಸರು. ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡನ್ನೆಲ್ಲ ಮುತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ, ಸಂಶೋಧಕರೂ ಆ ಮಾತಿಗೆ ಕಿವಿಗೊಟ್ಟಿದ್ದಾರೆ. 2011ರಲ್ಲಿ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹುಲಿಯಿದ್ದ ಕಾಡಿನಲ್ಲೇ ಸಿಕ್ಕಿತು. ಅದು ನಮ್ಮ ಭರವಸೆ.

ನಾವು ನಂಬಿರುವುದು

ಮರವಿಲ್ಲದ್ದೂ ಕಾಡೇ. ಹುಲ್ಲುಬಯಲು, ಕುರುಚಲು, ಬೇಣ, ಹಡ್ಲು, ಬಂಡೆಗುಡ್ಡ, ಇವೆಲ್ಲ ಜೀವ ತುಂಬಿದ ನೆಲಗಳು. ಅವನ್ನು ಹಸಿರು ಮಾಡುತ್ತೇವೆಂದು ಹೋಗುವುದು ಚಿಗರಿಯ ಮನೆಗೆ ಬೀಗ ಹಾಕಿದಂತೆ.

ಜನರಿದ್ದದ್ದೂ ಕಾಡೇ. ಮನುಷ್ಯನ ಹೆಜ್ಜೆ ಬಿದ್ದ ಮಾತ್ರಕ್ಕೆ ಕಾಡು ಮೈಲಿಗೆಯಾಗುವುದಿಲ್ಲ.

ಜನ ಕಾಲಿಡದ ಜಾಗವೂ ಬೇಕು. ಇದನ್ನು ನಾವು ಅಮೆರಿಕದಿಂದ ಕಲಿಯಬೇಕಿಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮನುಷ್ಯ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿದ್ದಾನೆ. ಬೇಲಿ ಹಾಕಿ ಹೊರಗಿಟ್ಟಾಗ ಹುಟ್ಟುವುದು ಸಿಟ್ಟು. ಹರಕೆ ಹೊತ್ತು ಹೊರಗುಳಿದಾಗ ಹುಟ್ಟುವುದು ಕಾವಲು.

ಹಳೆಯದೆಲ್ಲ ಹೊನ್ನಲ್ಲ. ಸೊಪ್ಪಿನಬೆಟ್ಟದ ಸವಲತ್ತು ತೋಟವಿದ್ದವರಿಗೆ ಸಿಕ್ಕಿತು, ತೋಟದಲ್ಲಿ ದುಡಿದವರಿಗೆ ಸಿಗಲಿಲ್ಲ. ಸವರಿ ಸವರಿ ಬೋಳಾದ ಬೆಟ್ಟಗಳೂ ಇವೆ. ಕೆಲವು ಬನಗಳ ಬಾಗಿಲು ಜಾತಿ ನೋಡಿ ತೆರೆಯಿತು. ಹೆಸರನ್ನು ಮರಳಿ ಪಡೆಯುವಾಗ ಆ ಅನ್ಯಾಯವನ್ನು ಮರಳಿ ತರುವುದಿಲ್ಲ ಎಂಬುದು ನಮ್ಮ ಮೊದಲ ಕಟ್ಟಳೆ.

ನಮ್ಮ ಬೇಡಿಕೆಗಳು

1. ಪಹಣಿಯಲ್ಲಿ ಖರಾಬು ಎಂಬ ಒಂದೇ ಚೀಲಕ್ಕೆ ಹಳ್ಳ, ಕಾಲುದಾರಿ, ಸ್ಮಶಾನ, ಬನ, ಬಂಡೆ ಎಲ್ಲವನ್ನೂ ತುಂಬುವುದು ನಿಲ್ಲಬೇಕು. ನೆಲ ಏನಾಗಿದೆಯೋ ಆ ಹೆಸರನ್ನು ಬರೆಯಲು ಒಂದು ಕಾಲಂ ಬೇಕು.

2. ಹುಲ್ಲುಗಾವಲು, ಕುರುಚಲು ಕಾಡು, ಕಾವಲುಗಳನ್ನು ಬಂಜರು ಎಂಬ ಪಟ್ಟಿಯಿಂದ ಹೊರತೆಗೆಯಬೇಕು. 1950ರಿಂದ ನಡೆದುಬಂದ ವನಮಹೋತ್ಸವದ ಸಸಿಗಳು ಹುಲ್ಲುಬಯಲಿನ ಎದೆಗೆ ಇಳಿಯಬಾರದು.

3. 2002ರ ಜೀವವೈವಿಧ್ಯ ಕಾಯ್ದೆಯಡಿ ಊರೂರಲ್ಲಿ ಬರೆಯುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ, ಗಿಡಮೂಲಿಕೆಗಳ ಜೊತೆಗೆ ನೆಲದ ಹೆಸರುಗಳಿಗೂ ಒಂದು ಅಧ್ಯಾಯ ಇರಬೇಕು.

4. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳಲ್ಲಿ ಆದಿವಾಸಿಗಳು ತಮ್ಮ ನುಡಿಯಲ್ಲಿ ಹೇಳುವ ಜಾಗದ ಹೆಸರುಗಳನ್ನು ಸಾಕ್ಷ್ಯವೆಂದು ಮನ್ನಿಸಬೇಕು. ಅಭಯಾರಣ್ಯಗಳ ಫಲಕಗಳಲ್ಲಿ ಆ ಹೆಸರೇ ಮೊದಲು ಬರಬೇಕು.

5. ಪ್ರತಿ ತಾಲ್ಲೂಕಿನ ಮಕ್ಕಳು ತಮ್ಮ ಸೀಮೆಯ ಕಾಡಿನ ಹತ್ತಾದರೂ ಹೆಸರುಗಳನ್ನು ಶಾಲೆಯಲ್ಲಿ ಕಲಿಯಬೇಕು, ಪುಸ್ತಕದಿಂದಲ್ಲ, ನಡೆದು.

ನಮ್ಮ ಪಣ

ಸರ್ಕಾರವನ್ನು ಕೇಳುವ ಮೊದಲು ನಮ್ಮನ್ನು ನಾವು ಕಟ್ಟಿಕೊಳ್ಳುತ್ತೇವೆ. ನಮ್ಮಲ್ಲಿ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಊರಿನ ಒಬ್ಬ ಹಿರಿಯರ ಹಿಂದೆ ಒಂದು ಇಡೀ ದಿನ ನಡೆಯುತ್ತೇವೆ. ಅವರು ಹೇಳಿದ ಹೆಸರನ್ನು ಅವರ ಉಚ್ಚಾರದಲ್ಲೇ, ನಮ್ಮ ಕೈಬರಹದಲ್ಲಿ ಬರೆದುಕೊಳ್ಳುತ್ತೇವೆ. ಕೊರಗ, ಬೆಟ್ಟಕುರುಬ, ಜೇನುಕುರುಬ, ಸೋಲಿಗ, ಸಿದ್ದಿ, ಕುಣಬಿ, ಗೌಳಿ ಮನೆಗಳ ಹೆಸರುಗಳನ್ನು ಅವರ ಒಪ್ಪಿಗೆಯಿಲ್ಲದೆ ಬಯಲಿಗೆ ತರುವುದಿಲ್ಲ; ಗುಟ್ಟಾಗಿರಬೇಕಾದ ದೇವರ ಜಾಗ ಗುಟ್ಟಾಗಿಯೇ ಇರುತ್ತದೆ. ಬೆಳೆಯಿಲ್ಲದ ನೆಲವನ್ನು ಪಾಳು ಎಂದು ಕರೆಯುವ ನಮ್ಮ ಬಾಯಿಯ ಚಾಳಿಯನ್ನು ಇವತ್ತೇ ಬಿಡುತ್ತೇವೆ. ನಮ್ಮ ಪಾಲಿಗೆ ಬಂದ ಬನವನ್ನು, ಹಾಡಿಯನ್ನು, ಬೇಣವನ್ನು ಸೈಟಿನ ಲೆಕ್ಕದಲ್ಲಿ ಮಾರುವುದಿಲ್ಲ.

ಮುಂದಿನ ಸಾಲು ನಿಮ್ಮದು

ಈ ಚಳವಳಿಯ ಮೊದಲ ದಾಖಲೆ ಒಂದು ನೂರು ಪುಟದ ನೋಟ್‌ಬುಕ್. ಅದರ ಮೊದಲ ಪುಟದಲ್ಲಿ ಹೀಗೆ ಬರೆದಿದ್ದೇವೆ: ಚೌಡಿಬನ. ಹನ್ನೊಂದು ಗುಂಟೆ. ಎರಡು ಬಗನಿ, ಒಂದು ಹಲಸು, ಒಂದು ವಾಟೆ. ಒಂದು ಒರತೆ, ಮಾರ್ಚಿನಲ್ಲೂ ನೀರು. ಬಿದ್ದ ಕೊಂಬೆ ಅಲ್ಲೇ ಮಣ್ಣಾಗಬೇಕು.

ಪಹಣಿಯಲ್ಲಿ ಒಂದೇ ಪದವಾಗಿದ್ದ ಜಾಗ ಇಲ್ಲಿ ಐದು ಸಾಲಾಯಿತು. ಇದನ್ನು ಓದಿದ ಮೇಲೆ ಆ ಹನ್ನೊಂದು ಗುಂಟೆಯನ್ನು ಕೆಟ್ಟುಹೋದದ್ದು ಎಂದು ಯಾರಾದರೂ ಬರೆಯಬಲ್ಲರೇ?

ನಿಮ್ಮೂರಿನಲ್ಲೂ ಒಂದು ಬನವೋ ಕಾವಲೋ ಗುಂಡುತೋಪೋ ಇದ್ದೇ ಇದೆ. ಅದರ ಹೆಸರು ಗೊತ್ತಿರುವವರು ಈಗ ಜಗಲಿಯ ಮೇಲೆ ಕೂತಿದ್ದಾರೆ, ಅವರಿಗೆ ವಯಸ್ಸಾಗಿದೆ. ಹೋಗಿ ಕೇಳಿ. ಅವರ ಜೊತೆ ಅಲ್ಲಿಯವರೆಗೆ ನಡೆಯಿರಿ. ಅದರ ಬಾಯಲ್ಲೇ ಚಪ್ಪಲಿ ಬಿಡಿ. ಬಂದು ಎರಡನೆಯ ಪುಟ ಬರೆಯಿರಿ.